ಹಡಗು ಹತ್ತದ ಕಬ್ಬಿಣ

ನಾನು ಬೀಡುಕಬ್ಬಿಣದ ಒಂದು ಬೆಂಡ್. ನೀರಿನ ಪೈಪು ತಿರುಗುವ ಕಡೆ ಕೂರಿಸುವ, ಮೊಣಕೈಯಂತೆ ಬಾಗಿದ ತುಂಡು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಹುಟ್ಟಿದೆ. ಕುಲುಮೆಯ ಭರಮಣ್ಣ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನನಗೆ ಮೈ ಬಂತು. ಸುರಿಯುವಾಗಲೆಲ್ಲ ಆತ, "ನೀಲವ್ವಾ, ಸರದು ನಿಂದ್ರ" ಎನ್ನುತ್ತಿದ್ದ. ಅಲ್ಲಿ ಯಾರೂ ಇರುತ್ತಿರಲಿಲ್ಲ. ನೀಲವ್ವ ಅವನ ಹೆಂಡತಿ. ಎರಡು ವರ್ಷದ ಹಿಂದೆ ಘಟಪ್ರಭೆಯ ನೆರೆ ಅವಳನ್ನು ಒಯ್ದಿತ್ತು.

ನಮ್ಮನ್ನು ಉಜ್ಜಿ, ಬಣ್ಣ ಹಚ್ಚಿ, ಯುರೋಪಿಗೆ ಹೋಗುವ ಪೆಟ್ಟಿಗೆಗಳಲ್ಲಿ ತುಂಬಿದರು. ಅಷ್ಟರಲ್ಲಿ ಕೊಳ್ಳುವವರಿಂದ ಪತ್ರ ಬಂತು. ಅಲ್ಲಿ ಹೊಸ ಕಾಯಿದೆಯಂತೆ: ಕಬ್ಬಿಣ ಕರಗಿಸಲು ಎಷ್ಟು ಹೊಗೆ ಬಿಟ್ಟಿರಿ, ಬರೆದು ಕೊಡಿ, ಹೆಚ್ಚಿದ್ದರೆ ಗಡಿಯಲ್ಲಿ ತೆರಿಗೆ. ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಮಳೆ ಹದ ತಪ್ಪಿ ನೆರೆ ಬರುತ್ತಿದೆ ಎಂಬುದು ಅವರು ಕೊಟ್ಟ ಕಾರಣ.

ಮಾಲೀಕ ವರ್ಧಮಾನ ಚೌಗಲೆ ನನ್ನ ಪೆಟ್ಟಿಗೆಯ ಮೇಲೆಯೇ ಕಾಗದ ಹರವಿ ಭರಮಣ್ಣನನ್ನು ಕರೆದರು. ಕುಲುಮೆಗೆ ಹಾಕಿದ ಕಲ್ಲಿದ್ದಲನ್ನು ದಿನವೂ ಬರೆದಿಡುವವನು ಆತನೇ.

"ಅರ್ಧಾ ಬರದು ಸಹಿ ಮಾಡ, ಭರಮಣ್ಣಾ. ಅವರು ನೂರಾರು ವರ್ಷ ಹೊಗಿ ಬಿಟ್ಟಾರ, ಅವರನ್ನ ಯಾರ ಕೇಳ್ಯಾರ? ನಲವತ್ತ ಮಂದಿ ಹೊಟ್ಟಿ ಐತಿ ಇದರಾಗ."

ಭರಮಣ್ಣ ತನ್ನ ಕಲ್ಲಿದ್ದಲ ಲೆಕ್ಕದ ಪುಸ್ತಕ ತೆರೆದ.

"ಅದೂ ಖರೆ, ಸಾವಕಾರ್ರ. ಆದ್ರ ಈ ಹೊಗಿ ನಾನ ಬಿಟ್ಟೀನಿ. ನೀಲವ್ವ ನೋಡಾಕತ್ತಾಳ. ಕಡಿಮಿ ಹೆಂಗ ಬರೀಲಿ?"

ಇದ್ದಷ್ಟನ್ನೇ ಬರೆದ. ಚೌಗಲೆ ಆ ಹಾಳೆಯನ್ನು ಹರಿಯಲು ಹೋದರು. ಅವನ ಮುಖ ನೋಡಿ ಕೈ ತಡೆಯಿತು. ಹಾಗೆಯೇ ಕಳಿಸಿದರು.

ಆರ್ಡರ್ ರದ್ದಾಯಿತು. ಮೂರು ತಿಂಗಳಿಗೆ ಕುಲುಮೆ ಆರಿತು. ಜೊತೆಯವರು ಭರಮಣ್ಣನ ಕೂಡ ಮಾತು ಬಿಟ್ಟರು. ನಮ್ಮನ್ನು ಸಿಕ್ಕ ಬೆಲೆಗೆ ಮಾರಿದರು. ನಾನು ನದೀದಂಡೆಯ ಊರೊಂದರ ಪುರಸಭೆಗೆ ಬಂದು, ನೆರೆಯ ನೀರು ಹೊರಹಾಕುವ ಪಂಪಿನ ಪೈಪಿಗೆ ಸೇರಿದೆ.

ಮರುವರ್ಷ ಮತ್ತೆ ಹೊಳೆ ಊರೊಳಗೆ ನುಗ್ಗಿತು. ನನ್ನೊಳಗಿಂದ ಕೆಸರು, ಕಾಳು, ಒಡೆದ ಬಳೆ ಹರಿದುಹೋದವು. ಪಂಪು ಕಾಯಲು ಕೂಲಿಗೆ ಬಂದವನು ಭರಮಣ್ಣ. ನನ್ನ ಮೇಲೆ ಅಂಗೈ ಇಟ್ಟ, ಗುರುತು ಹಿಡಿಯಲಿಲ್ಲ. ಅವನ ಹಳೆಯ ಜೊತೆಗಾರ ಸಿದರಾಯಿ ಅಲ್ಲೇ ಕೆಸರು ಎತ್ತುತ್ತಿದ್ದ.

"ನಮ್ಮ ಆರ್ಡರ್ ಬ್ಯಾರೆದವ್ರು ತಗೊಂಡ್ರು. ಅರ್ಧಾ ಬರದು ಕೊಟ್ರಂತ. ನೀ ಖರೆ ಬರದಿ. ಅದರಿಂದ ಈ ನೀರ ನಿಂತೇನ?"

"ನಿಂದ್ರಲಿಲ್ಲ" ಎಂದ ಭರಮಣ್ಣ. ಪಂಪಿನ ಕಡೆ ತಿರುಗಿ, "ಆದ್ರೂ ಸುಳ್ಳ ಬರೀತಿರಲಿಲ್ಲ" ಎಂದ. ಸಿದರಾಯಿ ಸಲಿಕೆ ಎತ್ತಿಕೊಂಡು ಆಚೆ ಹೋದ.

ಈಗ ನನ್ನನ್ನು ಪೈಪಿನಿಂದ ಕಳಚಿ ಹಾಕಿದ್ದಾರೆ; ಪುರಸಭೆಯ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ನನ್ನನ್ನು ಕರಗಿಸುವಾಗ ಎದ್ದ ಹೊಗೆ ಯಾರ ಪರವಾನಗಿಯನ್ನೂ ಕೇಳದೆ ಎಲ್ಲ ಗಡಿಗಳನ್ನೂ ದಾಟಿ ಹೋಗಿದೆ. ಮೋಡ ಕಟ್ಟಿದಾಗಲೆಲ್ಲ ನನಗೆ ಭಯ. ಅದರಲ್ಲಿ ನಾನೂ ಇದ್ದೇನೆ.