ಗಾಜಿನವಳು ನಿಂತಾಗ

ವರ್ಷದ ಕೊನೆಯ ತಿಂಗಳು ಬಂತೆಂದರೆ ಅಕ್ಕನ ಹೆಬ್ಬೆರಳುಗಳಿಗೆ ಪುರುಸೊತ್ತಿರುವುದಿಲ್ಲ. ಅವಳ ಕೆಲಸ ಏನೆಂದು ಹೊಸಬರಿಗೆ ಹೇಳುವುದು ಕಷ್ಟ. “ವಿಡಿಯೋ ಗೇಮ್ ಆಡ್ತಾಳೆ” ಎಂದು ಗಂಡ ಹೇಳಿ ಕೈ ತೊಳೆದುಕೊಳ್ಳುತ್ತಾನೆ. ಕೇಳಿದವರು ಅವಳ ನರೆಗೂದಲನ್ನೊಮ್ಮೆ ನೋಡಿ ಮಾತು ಬದಲಾಯಿಸುತ್ತಾರೆ. ಆಡುವುದೇನೋ ನಿಜ, ಆದರೆ ಗೆಲ್ಲುವುದಕ್ಕಲ್ಲ, ತೋರಿಸುವುದಕ್ಕೆ. ಜಾಹೀರಾತಿಗೆ, ವಿಮರ್ಶೆಯ ವಿಡಿಯೋಗಳಿಗೆ ಆಟದ ಒಳಗಿನ ದೃಶ್ಯಗಳು ಬೇಕಾಗುತ್ತವೆ. ಬೇರೆಯವರು ಆಡಿದ್ದನ್ನು ಹಿಡಿದಿಟ್ಟರೆ ದೃಶ್ಯ ಕುಡುಕನ ತಲೆಯ ಹಾಗೆ ಅತ್ತಿತ್ತ ಹೊರಳುತ್ತದೆ. ಅಕ್ಕನ ಕೈಯಲ್ಲಿ ಅದೇ ಕುದುರೆ, ಅದೇ ಕಾಡು ನೀರಿನ ಮೇಲೆ ತೇಲಿದ ಹಾಗೆ ಸಾಗುತ್ತದೆ. ಕಂಟ್ರೋಲರಿನ ಮೇಲೆ ಎರಡು ಪುಟ್ಟ ಕಡ್ಡಿಗಳಿರುತ್ತವೆ, ಒಂದು ನಡೆಯುವುದಕ್ಕೆ, ಇನ್ನೊಂದು ನೋಡುವುದಕ್ಕೆ. ಎರಡರಲ್ಲಿ ಒಂದಾದರೂ ಸದಾ ಚಲಿಸುತ್ತಿರಬೇಕು ಎನ್ನುವುದು ಅವಳು ಕಲಿತ ಮೊದಲ ಪಾಠ. ಕಡ್ಡಿ ಬಿಟ್ಟರೆ ಶಾಟ್ ಸತ್ತಿತು ಎಂದೇ ಲೆಕ್ಕ.

ಅವಳು ಕೆಲಸ ಮಾಡುವ ಚಾನೆಲ್ಲಿನವರು ಪ್ರತಿ ವರ್ಷದ ಕೊನೆಗೆ ಒಂದು ದೊಡ್ಡ ವಿಡಿಯೋ ಮಾಡುತ್ತಾರೆ. ಆಟಗಳ ಲೋಕದಲ್ಲಿ ಈ ವರ್ಷ ಏನಾಯಿತು, ಯಾವುದು ಗೆದ್ದಿತು, ಯಾವುದು ನೆಲಕಚ್ಚಿತು, ಎಲ್ಲ ಅದರಲ್ಲಿ ಬರಬೇಕು. ಚಾನೆಲ್ಲಿನವರು ಎಂದರೆ ಇಬ್ಬರೇ: ಅಕ್ಕ, ಮತ್ತು ಎಲ್ಲರೂ ಗಂಟಲು ಎಂದು ಕರೆಯುವ ಒಬ್ಬ ಮನುಷ್ಯ. ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಗೋಡೆಗಳಿಗೆಲ್ಲ ದಪ್ಪ ಕಂಬಳಿ ಹೊದಿಸಿಕೊಂಡು ಅವನು ಬರೆಯುತ್ತಾನೆ, ಮಾತಾಡುತ್ತಾನೆ. ಅವನ ದನಿ ಬಿಸಿನೀರಿನ ಸ್ನಾನದಂತಿರುತ್ತದೆ. ಒಂದೇ ತೊಂದರೆ, ಅದು ನಿಲ್ಲುವುದಿಲ್ಲ. ಅಕ್ಕ ಆ ದನಿಗೆ ದೃಶ್ಯಗಳನ್ನು ಹೊಂದಿಸಬೇಕು.

ಈ ವರ್ಷದ ಬರಹ ಅವಳ ಕೈಗೆ ಬಂದಾಗ ಅವಳು ಬಸ್ಸಿನಲ್ಲಿದ್ದಳು. ದೊಡ್ಡ ಕಂಪನಿಗಳು ಹಳೆಯ ಆಟಗಳಿಗೆ ಸುಣ್ಣ ಬಣ್ಣ ಬಳಿದು ಮತ್ತೆ ಮಾರಿದವು. ಎಲ್ಲರೂ ಬಾಯಿಬಿಟ್ಟುಕೊಂಡು ಕಾದಿದ್ದ ಆಟ ಮುಂದಿನ ವರ್ಷಕ್ಕೆ ಜಾರಿತು. ಗಂಡ ಹೆಂಡತಿ ಇಬ್ಬರೇ ಅಡುಗೆಮನೆಯಲ್ಲಿ ಕೂತು ಮಾಡಿದ ಒಗಟಿನ ಆಟವೊಂದು ಅವರೆಲ್ಲರನ್ನೂ ಮೀರಿಸಿ ಓಡಿತು. ಓದುತ್ತಾ ಅಕ್ಕ ನಕ್ಕಳು. ಕೊನೆಯ ಪುಟದ ಹತ್ತಿರ ಒಂದು ವಾಕ್ಯವಿತ್ತು: “ಈ ವರ್ಷ ಎಷ್ಟೋ ಸ್ಟುಡಿಯೋಗಳು ಬಾಗಿಲು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು.” ಪಕ್ಕದಲ್ಲಿ ಗಂಟಲಿನ ಸೂಚನೆ: “ಇಲ್ಲಿಗೆ ನಿನ್ನ ತಂಗಿಯ ಆಟ ಹಾಕು. ಮೂರು ಸೆಕೆಂಡ್ ಸಾಕು.”

ಇಳಿಯಬೇಕಾದ ನಿಲ್ದಾಣ ದಾಟಿ ಹೋದದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ತಂಗಿ ಬಂದು ಎರಡು ವಾರವಾಗಿತ್ತು. ಅವಳೂ ಅವಳ ಗೆಳತಿಯರೂ ಸೇರಿ ಕಟ್ಟಿದ ಸ್ಟುಡಿಯೋ ಆರು ವರ್ಷ ಒಂದೇ ಆಟ ಮಾಡಿತು. ಆಟ ಬೇಸಿಗೆಯಲ್ಲಿ ಹೊರಬಂತು. ಅದೇ ವಾರ ದೊಡ್ಡದೊಂದು ಯುದ್ಧದ ಆಟವೂ ಬಂದು, ಇವರದನ್ನು ತಿರುಗಿ ನೋಡುವವರೇ ಇಲ್ಲವಾದರು. ಬಾಗಿಲು ಮುಚ್ಚಿದ ದಿನ ಎಲ್ಲರೂ ಅವರವರು ಕೂರುತ್ತಿದ್ದ ಕುರ್ಚಿಗಳನ್ನು ಮನೆಗೆ ಒಯ್ದರಂತೆ. ತಂಗಿ ಎರಡು ಚೀಲ ಮತ್ತು ಚಕ್ರವಿರುವ ಒಂದು ಕಪ್ಪು ಕುರ್ಚಿಯೊಂದಿಗೆ ಟ್ಯಾಕ್ಸಿಯಿಂದ ಇಳಿದಳು. ಲಿಫ್ಟ್ ರಿಪೇರಿ ಮಾಡುವ ಭಾವ ಕುರ್ಚಿಯನ್ನು ಮೇಲೆ ತಂದು, ಹಾಲಿನಲ್ಲಿ ಅದರ ಮೇಲೆ ಕೂತು ಒಂದು ಸುತ್ತು ಹೊಡೆದ.

“ಭಾವ, ನಿಮ್ಮ ಭಾರಕ್ಕೆ ಮಾಡಿದ್ದಲ್ಲ ಅದು,” ಎಂದಳು ತಂಗಿ.

“ಲಿಫ್ಟಿನಲ್ಲಿ ಹತ್ತು ಜನಾನ ಮೇಲೆ ಕಳಿಸೋನು ನಾನು. ಭಾರದ ಬಗ್ಗೆ ನನಗೆ ಹೇಳ್ಬೇಡ.”

ಎಲ್ಲರೂ ನಕ್ಕರು. ಆಮೇಲೆ ತಂಗಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಅವಳ ಆಟದಲ್ಲಿ ಒಬ್ಬ ಹೆಂಗಸಿದ್ದಾಳೆ. ಬೆನ್ನಿಗೆ ದೊಡ್ಡದೊಂದು ಗಾಜಿನ ಹಾಳೆ ಕಟ್ಟಿಕೊಂಡು, ಗಾಳಿ ಬೀಸುವ ಏರುದಾರಿಯ ಊರಿನಲ್ಲಿ ಒಡೆದ ಕಿಟಕಿಗಳನ್ನು ಹುಡುಕಿ ಹೋಗುತ್ತಾಳೆ. ಗಾಳಿಗೆ ಮೈಯೊಡ್ಡದೆ, ಓರೆಯಾಗಿ, ಜೋಪಾನವಾಗಿ ನಡೆಸಬೇಕು. ಅಷ್ಟೇ ಆಟ. ಬೇಸಿಗೆಯಲ್ಲಿ ತಂಗಿ ಕಳಿಸಿಕೊಟ್ಟಾಗ ಅಕ್ಕ ಒಂದು ಭಾನುವಾರವಿಡೀ ಕೂತು ಆಡಿದ್ದಳು. ಗಾಜಿನಲ್ಲಿ ಮೋಡಗಳು ಸರಿಯುವುದನ್ನು ನೋಡಿ ಅವಳಿಗೆ ಹೆಮ್ಮೆಯಾಗಿತ್ತು. ಮುಗಿಸಿದ ಕೂಡಲೇ ಫೋನ್ ಮಾಡಿದಳು.

“ಎಲ್ಲಾದರೂ ನಿಂತೆಯಾ?” ಎಂದು ತಂಗಿ ಕೇಳಿದ್ದಳು.

“ಎಲ್ಲೂ ನಿಲ್ಲಲಿಲ್ಲ ಕಣೇ. ಒಂದೇ ಉಸಿರಿಗೆ ಆಡಿದೆ.”

“ಸರಿ ಅಕ್ಕ, ಥ್ಯಾಂಕ್ಸ್,” ಎಂದಿತು ತಂಗಿಯ ದನಿ, ಮೆಲ್ಲಗೆ. ಹೊಗಳಿದ್ದಕ್ಕೆ ಯಾಕೆ ಸಪ್ಪಗಾದಳು ಎಂದು ಅಕ್ಕನಿಗೆ ಅರ್ಥವಾಗಿರಲಿಲ್ಲ. ದಣಿದಿದ್ದಾಳೆ ಎಂದುಕೊಂಡಿದ್ದಳು.

ಗಂಟಲಿನ ಸೂಚನೆಯನ್ನು ಮುಚ್ಚಿಡುವುದು ಅಕ್ಕನಿಂದಾಗಲಿಲ್ಲ. ಊಟಕ್ಕೆ ಕೂತಾಗ ಹೇಳಿಬಿಟ್ಟಳು. ತಂಗಿ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಾ, “ಅಲ್ಲಾದರೂ ಬರಲಿ ಬಿಡು,” ಎಂದಳು.

“ಸತ್ತವರ ಸಾಲಿನಲ್ಲಾ?”

“ಸತ್ತಿರೋದು ನಿಜ ತಾನೆ. ನೀನೇ ಶೂಟ್ ಮಾಡು. ನಿನ್ನ ಕೈಯಲ್ಲಿ ಚೆನ್ನಾಗಿ ಕಾಣ್ತಾಳೆ.”

“ಅದು ಆಟ ಕಣೇ. ಈ ವರ್ಷದ ಆಟ. ಆಟದ ಜಾಗದಲ್ಲೇ ಬರಬೇಕು.”

ಭಾವ ಬಾಯಿ ಹಾಕಿದ. “ಹಾಕೇ ಹಾಕ್ತಾಳೆ ಬಿಡು ನಿಮ್ಮಕ್ಕ. ತಾನೇ ಇದ್ದಾಳಲ್ಲ ಅದರಲ್ಲಿ.”

“ನಾನೆಲ್ಲಿದ್ದೀನಿ?”

“ಆ ಗಾಜಿನವಳು. ಅಪ್ಪಟ ನೀನೇ.”

ಗಾಜಿನವಳು ಸ್ವಲ್ಪ ಡೊಳ್ಳು ಹೊಟ್ಟೆಯವಳು. ಗಂಡ ಕಾಲೆಳೆಯುತ್ತಿದ್ದಾನೆ ಎಂದು ಅಕ್ಕ ಅವನ ಕಡೆ ಕಣ್ಣು ಕೆಕ್ಕರಿಸಿದಳು. ತಂಗಿ ಮಾತ್ರ ಭಾವನನ್ನು ಒಮ್ಮೆ ದಿಟ್ಟಿಸಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಕ್ಕ ಕಂಬಳಿಯ ಕೋಣೆಗೆ ಹೋಗಿ ಗಂಟಲಿನ ಎದುರು ನಿಂತಳು. ಅವನು ಬಿಸಿನೀರಿಗೆ ಜೇನು ಕಲಕುತ್ತಿದ್ದ.

“ವರ್ಷದ ಒಳ್ಳೆಯ ಆಟಗಳ ಭಾಗದಲ್ಲಿ ಜಾಗ ಕೊಡು,” ಎಂದಳು.

“ತಂಗಿ ಅಂತಾನಾ?”

“ಆಟ ಅಂತ.”

“ನೋಡಮ್ಮ, ನಾನೂ ಆಡಿದೀನಿ. ಅಂದವಾಗಿದೆ. ಆದರೆ ಅದರಲ್ಲಿರೋದು ಒಬ್ಬ ಹೆಂಗಸು ನಡೀತಾಳೆ ಅನ್ನೋದು. ಹಿಂದಿನದರಲ್ಲಿ ಡ್ರ್ಯಾಗನ್ ಒಂದು ಸೇತುವೆ ಮುರೀತಿರುತ್ತೆ, ಮುಂದಿನದರಲ್ಲಿ ರಾಕೆಟ್ ಹಾರ್ತಿರುತ್ತೆ. ಮಧ್ಯದಲ್ಲಿ ಇವಳು ನಡೆದರೆ ಯಾರ ಕಣ್ಣಿಗೆ ಬೀಳ್ತಾಳೆ? ಆ ಬಾಗಿಲು ಮುಚ್ಚಿದವರ ಕಡೆಯಾದರೆ ಜನ ಅಯ್ಯೋ ಅಂತಾದರೂ ನೋಡ್ತಾರೆ.”

ಅವನು ಕೆಟ್ಟವನಲ್ಲ, ಅವನ ಮಾತು ಸುಳ್ಳೂ ಅಲ್ಲ. ಅದೇ ಅಕ್ಕನನ್ನು ಚುಚ್ಚಿದ್ದು. “ನಾನೊಂದು ಶಾಟ್ ತೆಗೆದು ತೋರಿಸ್ತೀನಿ. ಅದನ್ನ ನೋಡಿ ಹೇಳು,” ಎಂದಳು.

“ತೆಗಿ. ಆದರೆ ಭಾನುವಾರ ದಾಟಿದರೆ ನನ್ನ ಕೈಲಿಲ್ಲ.”

ಶನಿವಾರ ಮಧ್ಯಾಹ್ನದವರೆಗೆ ಅಕ್ಕ ಗಾಜಿನವಳನ್ನು ನಡೆಸಿದಳು. ಸಂಜೆಗೆಂಪಿನಲ್ಲಿ ನಡೆಸಿದಳು, ಮಂಜಿನಲ್ಲಿ ನಡೆಸಿದಳು, ಮೆಟ್ಟಿಲು ಹತ್ತಿಸಿದಳು, ಗಾಜಿನಲ್ಲಿ ಇಡೀ ಊರು ತಲೆಕೆಳಗಾಗಿ ಕಾಣುವಂತೆ ತಿರುಗಿಸಿದಳು. ಒಂದಕ್ಕಿಂತ ಒಂದು ಚಂದ. ಗಂಟಲಿನ ದನಿಯ ಕೆಳಗೆ ಇಟ್ಟು ನೋಡಿದರೆ ಮಾತ್ರ ಎಲ್ಲವೂ ಕ್ಯಾಲೆಂಡರಿನ ಚಿತ್ರಗಳು. ಡ್ರ್ಯಾಗನ್ ಬಂದು ನುಂಗಿಬಿಡುತ್ತಿತ್ತು. ತಂಗಿ ಎರಡು ಸಲ ಬಾಗಿಲವರೆಗೆ ಬಂದು, ಪರದೆಯನ್ನು ನೋಡಿ ಹಿಂದಿರುಗಿದಳು. ಮೂರನೆಯ ಸಲ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗುತ್ತೇನೆಂದು ಹೊರಟುಹೋದಳು.

ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಅಮ್ಮನ ಫೋನ್ ಎಂದರೆ ಕೈಯಲ್ಲಿರುವುದನ್ನು ಕೆಳಗಿಡಲೇಬೇಕು.

“ಬಚ್ಚಲ ಬಲ್ಬು ಹೋಗಿದೆ. ಯಾವುದು ತರಿಸ್ಲಿ, ಸುತ್ತೋದಾ, ಚುಚ್ಚೋದಾ?”

“ಹಳೇದನ್ನ ಬಿಚ್ಚಿ ಅಂಗಡಿಯವನಿಗೆ ತೋರಿಸಮ್ಮ.”

“ಬಿಚ್ಚೋಕೆ ಕತ್ತಲೆ. ಅದಿರಲಿ, ಅವಳು ತಿಂತಾಳಾ ಸರಿಯಾಗಿ?”

“ತಿಂತಾಳೆ.”

“ಸುಳ್ಳು ಹೇಳ್ಬೇಡ. ನೀನು ಸುಳ್ಳು ಹೇಳೋವಾಗ ಬೇಗ ಬೇಗ ಹೇಳ್ತೀಯ.”

ಅಕ್ಕ ತಲೆಯೆತ್ತಿದಳು. ಪರದೆಯ ಮೇಲೆ ಗಾಜಿನವಳು ಹೊರೆ ಇಳಿಸಿದ್ದಳು.

ಹಾಗೆ ಇಳಿಸುವುದನ್ನು ಅಕ್ಕ ಯಾವತ್ತೂ ನೋಡಿರಲಿಲ್ಲ. ಗಾಜನ್ನು ಗೋಡೆಗೆ ಆನಿಸಿ, ಅದು ಜಾರದಂತೆ ಬುಡಕ್ಕೆ ಒಂದು ಕಲ್ಲು ಸರಿಸಿ, ಅವಳು ಬೀದಿಯ ತಿರುವಿನ ಕಡೆ ಮುಖ ಮಾಡಿ ನಿಂತಳು. ಒಂದು ಕಾಲಿನ ಮೇಲೆ. ಇನ್ನೊಂದು ಪಾದವನ್ನು ಎತ್ತಿ ಮೀನಖಂಡಕ್ಕೆ ಉಜ್ಜಿಕೊಂಡಳು. ಜಡೆಯನ್ನು ಮುಂದಕ್ಕೆ ಎಳೆದು ಅದರ ತುದಿಯನ್ನು ತುಟಿಗಳ ನಡುವೆ ಕಚ್ಚಿದಳು. ಬಿಸಿಲಿಗೆ ಅಂಗೈಯನ್ನು ಹೊರಮುಖ ಮಾಡಿ, ಎಡಗೈಯಿಂದ, ಕಣ್ಣಿಗೆ ಮರೆ ಹಿಡಿದಳು.

“ಕೇಳಿಸ್ತಿದೆಯೇನೇ?” ಎಂದಳು ಅಮ್ಮ.

“ಅಮ್ಮ, ಆಮೇಲೆ ಮಾಡ್ತೀನಿ.”

ಆ ಜಡೆಯನ್ನು ಅಕ್ಕ ಕತ್ತರಿಸಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅದನ್ನು ಬಾಯಲ್ಲಿ ಕಚ್ಚುತ್ತಿದ್ದದ್ದಕ್ಕೆ ಅಮ್ಮನಿಂದ ಎಷ್ಟು ಬೈಸಿಕೊಂಡಿದ್ದಳು. ಶಾಲೆಯ ಬಸ್ಸು ನಿಲ್ಲುವ ತಿರುವಿನಲ್ಲಿ, ಚಿಕ್ಕ ತರಗತಿಯವರ ಜೊತೆ ತಂಗಿ ಇಳಿಯುವವರೆಗೆ, ತನ್ನ ಚೀಲವನ್ನು ಗೋಡೆಗೆ ಆನಿಸಿ ಅವಳು ದಿನವೂ ಕಾಯುತ್ತಿದ್ದಳು. ಬಸ್ಸು ಕಂಡ ಕೂಡಲೇ ಜಡೆಯನ್ನು ಹಿಂದಕ್ಕೆ ಎಸೆದು, ಆಗತಾನೇ ಬಂದವಳ ಹಾಗೆ ಗಂಭೀರವಾಗಿ ನಿಲ್ಲುತ್ತಿದ್ದಳು. ತಂಗಿ ಬಸ್ಸಿನ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು ಎಂಬುದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಪರದೆಯ ಮೇಲೆ ಬೀದಿಯಲ್ಲಿ ಒಂದು ಮಗು ಹಾದುಹೋಯಿತು. ಗಾಜಿನವಳು ಗಡಿಬಿಡಿಯಿಂದ ಜಡೆಯನ್ನು ಹಿಂದಕ್ಕೆ ಎಸೆದಳು.

ಆಟಗಾರ ಕೈಬಿಟ್ಟಾಗ ಪಾತ್ರ ಸುಮ್ಮನೆ ಮರದ ಬೊಂಬೆಯಾಗಬಾರದೆಂದು, ಆ ಹೊತ್ತಿಗೆ ಏನಾದರೂ ಮಾಡಿಸಿಟ್ಟಿರುತ್ತಾರೆ. ಆಕಳಿಕೆ, ಮೈಮುರಿಯುವುದು, ಹೀಗೆ ಏನೋ ಒಂದು. ಅಕ್ಕನಿಗೆ ಇದು ಗೊತ್ತಿಲ್ಲದ್ದೇನಲ್ಲ. ಇಷ್ಟು ವರ್ಷ ಆಟಗಳ ಒಳಗೇ ಬದುಕಿದವಳು. ಆದರೆ ಅವಳ ಹೆಬ್ಬೆರಳು ಯಾವ ಪಾತ್ರವನ್ನೂ ನಿಲ್ಲಲು ಬಿಟ್ಟಿರಲಿಲ್ಲ. ಎಲ್ಲಾದರೂ ನಿಂತೆಯಾ ಎಂದು ಕೇಳಿದ್ದಳಲ್ಲ ತಂಗಿ. ಎಲ್ಲೂ ನಿಲ್ಲಲಿಲ್ಲ ಎಂದು ತಾನು ಎಷ್ಟು ಜಂಬದಿಂದ ಹೇಳಿದ್ದಳು.

ಅವಳು ಪಕ್ಕದ ಕೋಣೆಗೆ ಹೋಗಿ ಗಂಡನನ್ನು ಎಬ್ಬಿಸಿದಳು. “ನಿನಗೆ ಹೇಗೆ ಗೊತ್ತಾಯ್ತು?”

“ಏನು?”

“ಗಾಜಿನವಳು ನಾನೇ ಅಂತ.”

ಅವನು ಕಣ್ಣು ಬಿಡದೆ ಹೇಳಿದ: “ನಾನು ಆಡೋದೇ ಹಾಗಲ್ವ. ಎರಡು ಹೆಜ್ಜೆ ನಡೆಸಿ ಟೀ ಕುಡಿಯೋಕೆ ಹೋಗ್ತೀನಿ. ಬಂದು ನೋಡಿದರೆ ಪರದೆ ಮೇಲೆ ನೀನು ನಿಂತಿದ್ದೆ. ಈಗಲೂ ಒಲೆ ಮುಂದೆ ಹಾಗೇ ಒಂಟಿಕಾಲಲ್ಲಿ ನಿಲ್ತೀಯಲ್ಲ, ಕೊಕ್ಕರೆ.”

ಅಕ್ಕ ಕೆಳಗೆ ನೋಡಿದಳು. ಬಾಗಿಲ ಚೌಕಟ್ಟಿಗೆ ಒರಗಿ ಒಂಟಿಕಾಲಲ್ಲೇ ನಿಂತಿದ್ದಳು.

ಭಾನುವಾರ ಗಂಟಲಿಗೆ ಶಾಟ್ ತೋರಿಸಿದಳು. ಕ್ಯಾಮೆರಾ ಅಲುಗುವುದಿಲ್ಲ. ಡ್ರ್ಯಾಗನ್ ಸೇತುವೆ ಮುರಿಯುತ್ತದೆ, ಎಲ್ಲ ಹೊಗೆ. ಹೊಗೆ ಹರಿದರೆ ಒಬ್ಬ ಹೆಂಗಸು ಗಾಜನ್ನು ಇಳಿಸಿ ಯಾರಿಗೋ ಕಾಯುತ್ತಿದ್ದಾಳೆ. ಗಂಟಲಿನ ದನಿ ಅದರ ಮೇಲೆ ಹರಿಯುತ್ತಿತ್ತು.

“ಇಲ್ಲಿ ನೀನು ಮಾತಾಡಬಾರದು,” ಎಂದಳು ಅಕ್ಕ.

“ಏನಂದೆ?”

“ಅವಳು ಜಡೆ ಹಿಂದಕ್ಕೆ ಹಾಕೋವರೆಗೆ.”

“ನನ್ನ ಇಡೀ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಲ್ಲ. ನಮ್ಮಮ್ಮನ್ನ ಕೇಳು.”

“ಒಂದು ಸಲ ನೋಡು.”

ಅವಳು ಅವನ ದನಿಯನ್ನು ಆ ಜಾಗದಲ್ಲಿ ಕತ್ತರಿಸಿ ಮತ್ತೆ ಹಾಕಿದಳು. ಗಾಳಿಯ ಸದ್ದು ಮಾತ್ರ ಉಳಿಯಿತು. ಗಂಟಲು ಜೇನುನೀರಿನ ಲೋಟ ಹಿಡಿದು ನೋಡಿದ. ಮತ್ತೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದ. ಮುಗಿದ ಮೇಲೆ ಲೋಟ ಕೆಳಗಿಟ್ಟ.

“ಯಾರಿಗೆ ಕಾಯ್ತಿದಾಳೆ ಅವಳು?”

“ತಂಗಿಗೆ.”

“ಇರಲಿ,” ಎಂದ ಅವನು. “ಆದರೆ ಆ ಸ್ಟುಡಿಯೋ ಮುಚ್ಚಿದವರ ವಾಕ್ಯಕ್ಕೆ ಏನು ತೋರಿಸ್ತೀಯ? ಅಲ್ಲಿ ಖಾಲಿ ಬಿಡೋಕಾಗಲ್ಲ.”

ಅದಕ್ಕೂ ಅಕ್ಕ ದಾರಿ ಹುಡುಕಿದ್ದಳು. ಮನೆಗೆ ಬಂದು, ಹಾಲಿನಲ್ಲಿದ್ದ ಕಪ್ಪು ಕುರ್ಚಿಯ ಮೇಲಿಂದ ಗಂಡನ ಅಂಗಿಗಳನ್ನು ತೆಗೆದು, ಅದನ್ನು ಕಿಟಕಿಯ ಬೆಳಕಿಗೆ ತಳ್ಳಿದಳು. ತಂಗಿ ಅಡುಗೆಮನೆಯಿಂದ ಇಣುಕಿದಳು.

“ಏನ್ಮಾಡ್ತಿದೀಯ ನನ್ನ ಕುರ್ಚಿನ?”

“ಸತ್ತವರ ಸಾಲಿಗೆ ಇದು ಬರುತ್ತೆ. ನಿನ್ನ ಆಟ ಆಟಗಳ ಜೊತೆ ಬರುತ್ತೆ.” ಅಕ್ಕ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದಳು: “ಮತ್ತೆ, ನಾನು ನಿಂತೆ ಕಣೇ. ನಿನ್ನೆ. ಅಮ್ಮ ಫೋನ್ ಮಾಡಿದ್ದಳು, ಅದಕ್ಕೆ ನಿಂತೆ. ಇಲ್ಲದಿದ್ದರೆ ಇನ್ನೂ ನಡೀತಾನೇ ಇರ್ತಿದ್ದೆ.”

ತಂಗಿ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಬಂದು ಕುರ್ಚಿಯ ಪಕ್ಕ ನಿಂತಳು. ಕುರ್ಚಿಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದಳು. “ಹೀಗೆ ತೆಗಿ. ನಾವು ಎದ್ದು ಹೋಗೋವಾಗ ಹೀಗೇ ತಿರುಗಿರೋದು,” ಎಂದಳು.

ವಿಡಿಯೋ ಹೊರಬಂದ ದಿನ ಮೂವರೂ ಕೂತು ನೋಡಿದರು. ಗಾಜಿನವಳು ಬಂದಳು, ಗಂಟಲು ಸುಮ್ಮನಾದ. ಕೆಳಗೆ ಬಂದ ಮೊದಲ ಕಾಮೆಂಟು, “ವಿಡಿಯೋ ಹ್ಯಾಂಗ್ ಆಯ್ತಾ?” ಎರಡನೆಯದು, “ದನಿಯವರು ಹುಷಾರಾಗಿದ್ದಾರಾ?” ಭಾವ ಬಿದ್ದು ಬಿದ್ದು ನಕ್ಕ. ಆಮೇಲೆ ಬೇರೆ ಥರದವೂ ಬಂದವು. ಕೆಲವರು ಆಟ ಕೊಂಡು, ಕಡ್ಡಿ ಬಿಟ್ಟು ಕೂತು ನೋಡಿದೆವೆಂದು ಬರೆದರು. ಮುಚ್ಚಿದ ಬಾಗಿಲು ತೆರೆಯುವಷ್ಟಲ್ಲ. ಆಸ್ಪತ್ರೆಗಳ ಯಂತ್ರಗಳಿಗೆ ಪರದೆ ಮಾಡುವ ಕಂಪನಿಯೊಂದಕ್ಕೆ ತಂಗಿ ಹೊಸ ವರ್ಷದಿಂದ ಕೆಲಸಕ್ಕೆ ಹೋಗಬೇಕಿತ್ತು, ಅದು ಬದಲಾಗಲಿಲ್ಲ.

ತಂಗಿ ಇನ್ನೊಮ್ಮೆ ಆ ಶಾಟ್ ಹಾಕಿ, ಹುಬ್ಬು ಗಂಟಿಕ್ಕಿ ನೋಡಿದಳು.

“ತಪ್ಪಿದೆ,” ಎಂದಳು.

“ಏನು?”

“ಕಾಲು. ಯಾವ ಕಾಲಿನ ಮೇಲೆ ನಿಲ್ತಿದ್ದೆ ಅಂತ ನನಗೆ ಮರೆತೇಹೋಗಿತ್ತು. ಕೇಳಿದರೆ ನಿನಗೆ ಗೊತ್ತಾಗಿಬಿಡುತ್ತೆ ಅಂತ ಕೇಳಲಿಲ್ಲ. ಅಂದಾಜಿನಲ್ಲಿ ಬಲಗಾಲು ಹಾಕಿದೆ. ಮೊನ್ನೆ ಒಲೆ ಮುಂದೆ ನೋಡಿದೆ, ಎಡಗಾಲು ನಿಂದು.”

“ಈಗೇನು ಮಾಡೋಕಾಗುತ್ತೆ? ಸ್ಟುಡಿಯೋನೇ ಇಲ್ಲವಲ್ಲ.”

“ಸ್ಟುಡಿಯೋ ಯಾಕೆ ಬೇಕು? ಕುರ್ಚಿ ಇದೆ.” ತಂಗಿ ಎದ್ದು ಭಾವನನ್ನು ಕುರ್ಚಿಯಿಂದ ಎಬ್ಬಿಸಿದಳು. ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ಒಂದು ಸಣ್ಣ ಅಪ್‌ಡೇಟ್. ಆಡಿದವರೆಲ್ಲರಿಗೂ ತಾನಾಗೇ ಹೋಗುತ್ತೆ. ನಿಲ್ಲು ಅಲ್ಲಿ, ಕಿಟಕಿ ಹತ್ತಿರ.”

“ಜಡೆ ಇಲ್ಲವಲ್ಲೇ.”

“ಜಡೆ ನನಗೆ ನೆನಪಿದೆ. ಕಾಲು ಸಾಕು.”

ಅಕ್ಕ ಕಿಟಕಿಯ ಹತ್ತಿರ ಹೋದಳು. ಬೇಕೆಂದು ನಿಲ್ಲಲು ಹೋದರೆ ಯಾವುದೂ ಸರಿಬರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹೊರಗೆ ಬೀದಿಯ ತಿರುವನ್ನು ನೋಡುತ್ತಾ ಇದ್ದಳು. ಬಸ್ಸೊಂದು ಬಂದು ನಿಂತು, ಯಾರನ್ನೋ ಇಳಿಸಿ ಹೋಯಿತು. ಅವಳ ಬಲಪಾದ ತಾನಾಗಿಯೇ ಮೇಲೆದ್ದು ಎಡಗಾಲಿನ ಮೀನಖಂಡಕ್ಕೆ ಉಜ್ಜಿಕೊಂಡಿತು.

“ಹಾಂ,” ಎಂದಳು ಹಿಂದಿನಿಂದ ತಂಗಿ. “ಹಾಗೇ ಇರು.”