ಪದವೀಧರರ ಸಾಲು

ಅಮ್ಮಾನ್ ನಗರದಲ್ಲಿ ನೂರು ವಯಸ್ಕರಲ್ಲಿ ಪದವಿ ಪಡೆದವರೆಷ್ಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಝ್ಮಿಯವರು ಹೇಳುತ್ತಿದ್ದರು, ಅದೂ ದಶಮಾಂಶ ಸಮೇತ. ಅಂಕಿಅಂಶದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅವರು ಮಾಡಿದ್ದು ಅದನ್ನೇ. ಮನೆಮನೆಯ ಓದಿನ ಲೆಕ್ಕ ತೆಗೆದು ಕೋಷ್ಟಕ ಕಟ್ಟುವುದು. ಆ ಅಂಕಿ ಏರಿದ ವರ್ಷ ಮನೆಗೆ ಒಂದು ತಟ್ಟೆ ಕುನಾಫಾ ಸಿಹಿ ಬರುತ್ತಿತ್ತು. ಓದಿದವರಿಗೆ ಕೆಲಸ ಸಿಕ್ಕಿದೆಯೋ ಇಲ್ಲವೋ ಎಂಬುದು ಬೇರೆ ಕೋಷ್ಟಕ, ಬೇರೆ ಮೇಜು. ಅದರ ಉಸಾಬರಿ ಅವರಿಗೆ ಬೇಕಿರಲಿಲ್ಲ.

ತಮ್ಮ ಕೋಷ್ಟಕದಲ್ಲಿ ಅವರಿಗೆ ಖಚಿತವಾಗಿ ಗೊತ್ತಿದ್ದ ಸುಳ್ಳು ಒಂದೇ, ಅದು ಅವರೇ. ಹರೆಯದಲ್ಲಿ ಬೈರೂತಿಗೆ ಓದಲು ಹೋಗಿ ಪರೀಕ್ಷೆಯಲ್ಲಿ ಫೇಲಾಗಿದ್ದರು. ಮುಂದಿನ ವರ್ಷವೇ ಅಲ್ಲಿ ಲಡಾಯಿ ಶುರುವಾಯಿತು. ಲಡಾಯಿಯಿಂದ ಉಪಕಾರವಾದವರು ಕಡಿಮೆ, ನಝ್ಮಿ ಅವರಲ್ಲೊಬ್ಬರು. "ಸರ್ಟಿಫಿಕೇಟು ಸುಟ್ಟುಹೋಯಿತು" ಎಂದರು, ಎಲ್ಲರೂ ಲೊಚಗುಟ್ಟಿದರು. ಮೊದಲ ಗಣತಿಯಲ್ಲಿ ಪದವೀಧರರ ಸಾಲಿಗೆ ತಮ್ಮನ್ನು ಪೆನ್ಸಿಲಿನಲ್ಲಿ ಸೇರಿಸಿದ್ದರು. ಎರಡನೆಯದರಲ್ಲಿ ಪೆನ್ನಿನಲ್ಲೇ ಸೇರಿಸಿದರು, ಹಿಂದಿನ ಕೋಷ್ಟಕದಲ್ಲಿ ಹಾಗೇ ಇತ್ತಲ್ಲ. ಹೆಂಡತಿ ಇಂತಿಸಾರ್‌ಗೂ ನಿಜ ಗೊತ್ತಿರಲಿಲ್ಲ.

ಇಂಥವರ ಒಬ್ಬಳೇ ಮಗಳು ಸಿರೀನ್ ಡಾಕ್ಟರೇಟ್ ಮಾಡಿದಳು. ಮೂವತ್ತನಾಲ್ಕು ವರ್ಷದ ಅವಳು ಆರು ವರ್ಷದಿಂದ ಕಾಯಂ ಕೆಲಸಕ್ಕೆ ಅರ್ಜಿ ಹಾಕುತ್ತ, ಕಾಲೇಜೊಂದರಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿ ಏಸಿ ರಿಪೇರಿಗೆ ಬಂದವನು ಮುಅತಸಿಮ್. ಮೂರು ಸಲ ರಿಪೇರಿಯಾಯಿತು. ಮೂರನೆಯ ಸಲ ಏಸಿ ಕೆಟ್ಟೇ ಇರಲಿಲ್ಲ.

ಮುಅತಸಿಮ್ ಹೈಸ್ಕೂಲಿನ ಕೊನೆಯ ಪರೀಕ್ಷೆ ತೌಜೀಹಿಯನ್ನು ಎರಡು ಸಲ ಬರೆದು ಎರಡು ಸಲವೂ ಡುಮ್ಕಿ ಹೊಡೆದವನು. ಈಗ ಅವನಿಗೆ ಮೂರು ಅಂಗಡಿ, ಐದು ವ್ಯಾನು. ಅವನ ಕೈಕೆಳಗೆ ಇಬ್ಬರು ಇಂಜಿನಿಯರುಗಳು ಸಂಬಳಕ್ಕಿದ್ದರು.

"ಅಪ್ಪಾ, ನೀನು ಬೇಡ ಅಂದ್ರೆ ನಾನು ಓಡಿಹೋಗಲ್ಲ," ಎಂದಿದ್ದಳು ಸಿರೀನ್. "ಆದ್ರೆ ಇವನನ್ನ ಬಿಟ್ಟು ಬೇರೆ ಯಾರನ್ನೂ ಮಾಡ್ಕೊಳಲ್ಲ. ಆಮೇಲೆ ಇನ್ನೊಂದು ಜಾಹಾ ಈ ಬಾಗಿಲಿಗೆ ಬರತ್ತೆ ಅಂತ ಕಾಯ್ಬೇಡ."

ಹುಡುಗನ ಕಡೆಯ ಹಿರಿಯರು ಗುಂಪಾಗಿ ಬಂದು ಹೆಣ್ಣು ಕೇಳುವುದೇ ಜಾಹಾ. ನಝ್ಮಿಯವರದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಮಗಳ ಮುಖ ನೋಡಿದರೆ ಬೇಡ ಎನ್ನಲಾರರು, ಕೋಷ್ಟಕ ನೆನೆದರೆ ಹೂಂ ಎನ್ನಲಾರರು. ಕೊನೆಗೆ ಹುಡುಗನನ್ನೇ ಕರೆಸಿದರು.

"ಜಾಹಾ ದಿನ ನಿಮ್ಮವರು ನಿನ್ನ ಹೆಸರಿನ ಮುಂದೆ ಇಂಜಿನಿಯರ್ ಅಂತ ಸೇರಿಸ್ಲಿ. ಒಂದೇ ಪದ ಕಣಪ್ಪ. ಯಾರು ಬಂದು ನೋಡ್ತಾರೆ?"

"ಮಾವಾ, ಇಂಜಿನಿಯರ್ ಬೇಕು ಅಂದ್ರೆ ನಮ್ಮ ಅಂಗಡಿಯಲ್ಲಿ ಇಬ್ಬರಿದಾರೆ, ಕಳಿಸ್ತೀನಿ. ನಾನಲ್ಲ."

"ಹಾಗಾದ್ರೆ ನನ್ನ ಬಾಯಿಂದ ಒಪ್ಪಿಗೆ ಮಾತು ಹೊರಡಲ್ಲ."

ಹುಡುಗನ ಅಪ್ಪ ಮರುದಿನ ಗುಟ್ಟಾಗಿ ಬಂದು ನಝ್ಮಿಯವರ ಕೈ ಹಿಡಿದುಕೊಂಡ. "ಅವನು ಹುಂಬ, ಬಿಡಿ. ಪಾಷಾ ಓದೋ ಚೀಟಿಯಲ್ಲಿ ಆ ಪದ ನಾನು ಬರೆಸ್ತೀನಿ."

ಪಾಷಾ ಎಂದರೆ ನಿವೃತ್ತ ಜನರಲ್ ಒಬ್ಬರು. ದೊಡ್ಡ ಮನುಷ್ಯರೊಬ್ಬರು ಮುಂದೆ ನಿಂತು ಹೆಣ್ಣು ಕೇಳದಿದ್ದರೆ ಜಾಹಾಕ್ಕೆ ಕಳೆಯಿಲ್ಲ. ಅವರಿಗೆ ಹುಡುಗನ ಪರಿಚಯ ಇರಲೇಬೇಕೆಂದು ಯಾರೂ ಹೇಳಿಲ್ಲ. ಈ ಪಾಷಾಗೆ ಆ ಶುಕ್ರವಾರ ನಾಲ್ಕು ಜಾಹಾ ಇದ್ದವು. ನಝ್ಮಿಯವರದು ಎರಡನೆಯದು, ನಾಲ್ಕು ಗಂಟೆಗೆ.

ಮನೆತನದ ಸಭಾಂಗಣದಲ್ಲಿ ಗಂಡಸರು ಎದುರುಬದುರು ಕೂತರು. ಹೆಂಗಸರು ಮನೆಯಲ್ಲಿ ಫೋನಿನ ಮುಂದೆ. ಪಾಷಾರ ಮುಂದೆ ಕಹಿ ಕಾಫಿಯ ಪುಟ್ಟ ಬಟ್ಟಲು ಇಟ್ಟರು. ಹೆಣ್ಣಿನ ತಂದೆ "ಕಾಫಿ ಕುಡಿಯಿರಿ" ಎಂದರೆ ಮದುವೆ ನಿಶ್ಚಯವಾದಂತೆ. ಅಲ್ಲಿಯವರೆಗೆ ಅದನ್ನು ಮುಟ್ಟುವಂತಿಲ್ಲ.

ಪಾಷಾ ಎದ್ದು ದೇವರ ಹೆಸರು ಹೇಳಿ, ಎರಡೂ ಮನೆತನಗಳನ್ನು ಅಟ್ಟಕ್ಕೇರಿಸಿ ಜೇಬಿನಿಂದ ಚೀಟಿ ತೆಗೆದರು. "ನಮ್ಮ ಮಗ ಮುಅತಸಿಮ್," ಎಂದು ಕನ್ನಡಕ ಸರಿಮಾಡಿಕೊಂಡರು. "ಹೃದಯದ ಡಾಕ್ಟರ್. ಓದಿದ್ದು ಬುಖಾರೆಸ್ಟ್, ತರಬೇತಿ ಲಂಡನ್. ಈವರೆಗೆ ಎಂಟುನೂರು ಎದೆಗಳನ್ನ ತೆರೆದ ಕೈ!"

ನಝ್ಮಿಯವರಿಗೆ ತಕ್ಷಣ ಗೊತ್ತಾಯಿತು, ಚೀಟಿ ಬೇರೆಯವರದು. ಆದರೆ ತಮ್ಮ ಕಡೆಯ ಸಾಲಿನಲ್ಲೇ ದೊಡ್ಡಪ್ಪನ ಮಗ ಫವಾಝ್ ಕೂತಿದ್ದ. ಮೂವರು ಡಾಕ್ಟರ್ ಅಳಿಯಂದಿರನ್ನು ಸಂಪಾದಿಸಿ ಇವರನ್ನು ಹತ್ತು ವರ್ಷದಿಂದ ಹುರಿದು ಮುಕ್ಕಿದವನು. ಈಗ ಅವನ ಮುಖ ಹುಣಸೆಹಣ್ಣು ಕಚ್ಚಿದಂತಾಗಿತ್ತು. ಮೂವರಲ್ಲಿ ಇಬ್ಬರು ಹಲ್ಲಿನವರು, ಒಬ್ಬ ದನದ ಡಾಕ್ಟರ್. ಹೃದಯದವನು ಒಬ್ಬನೂ ಇಲ್ಲ. ಇಂಥ ಸುಖವನ್ನು ಕೈಯಾರೆ ಕೆಡಿಸಿಕೊಳ್ಳುವುದುಂಟೇ? ಕೇಳಿದ್ದು ಒಂದು ಪದ, ಸಿಕ್ಕಿದ್ದು ಒಂದು ಪುಟ. ನಝ್ಮಿ ಎದೆಯುಬ್ಬಿಸಿ ಎದ್ದು ನಿಂತರು.

"ಡಾಕ್ಟರ್ ಮುಅತಸಿಮ್‌ಗೆ ನಮ್ಮ ಮಗಳು ಡಾಕ್ಟರ್ ಸಿರೀನಳನ್ನ..."

"ಒಂದು ನಿಮಿಷ ಮಾವಾ." ಮದುಮಗ ಎದ್ದಿದ್ದ. ಜಾಹಾದಲ್ಲಿ ಮದುಮಗ ಬಾಯಿಬಿಟ್ಟಿದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. "ಪಾಷಾ, ಕ್ಷಮಿಸಿ. ನಾನು ಎದೆ ತೆರೆಯೋನಲ್ಲ. ಏಸಿ ತೆರೀತೀನಿ. ತೌಜೀಹಿಯಲ್ಲಿ ಎರಡು ಸಲ ಫೇಲು. ಇವತ್ತು ಸುಳ್ಳು ಹೇಳಿ ಕರ್ಕೊಂಡು ಹೋದ್ರೆ ನಾಳೆ ಅವಳ ಮುಖ ಹೇಗೆ ನೋಡ್ಲಿ?"

ಅವನ ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. ಪಾಷಾ ಜೇಬುಗಳನ್ನೆಲ್ಲ ತಡಕಾಡಿ ಇನ್ನೊಂದು ಚೀಟಿ ತೆಗೆದು, ಓದಿ, ಬೆಪ್ಪಾದರು. "ಅಯ್ಯೋ ದೇವ್ರೇ! ಏಸಿ ಇಂಜಿನಿಯರ್ ಅನ್ನೋದನ್ನ ಎರಡು ಗಂಟೆಗೆ ಹೋದ ಮನೆಯಲ್ಲಿ ಓದಿಬಿಟ್ನಲ್ಲ! ಅದಕ್ಕೇ ಅವರು ಯೋಚನೆ ಮಾಡಿ ಹೇಳ್ತೀವಿ ಅಂದಿದ್ದು!"

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ನಝ್ಮಿಯವರ ಮೇಲೆ. ಫವಾಝ್‌ನ ಮುಖಕ್ಕೆ ಮಾತ್ರ ಹೋದ ಕಳೆ ಮರಳಿ ಬಂದಿತ್ತು.

"ಏನಪ್ಪ ನಝ್ಮಿ, ಊರಿಗೆಲ್ಲ ಸಾಲು ಹುಡುಕಿ ಕೂರಿಸ್ದೋನು ನೀನು. ಇವನನ್ನ ಯಾವ ಸಾಲಲ್ಲಿ ಕೂರಿಸ್ತೀಯಾ?"

ನಝ್ಮಿ ಹುಡುಗನನ್ನು ನೋಡಿದರು. ನೂರು ಜನರ ಮುಂದೆ ಫೇಲು ಎಂದವನು ನೆಟ್ಟಗೆ ನಿಂತಿದ್ದ. ತಲೆಯ ಮೇಲೆ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಇದು ಇಷ್ಟು ಸುಲಭವೇ, ನಲವತ್ತು ವರ್ಷ ಇಷ್ಟಕ್ಕೇ ಹೆದರಿದೆನೇ ಎಂದು ಅವರಿಗೆ ನಾಚಿಕೆಯಾಯಿತು.

"ನನ್ನ ಪಕ್ಕ," ಎಂದರು.

"ನೀನು ಪದವೀಧರ ಅಲ್ವೇನಯ್ಯಾ? ಬೈರೂತಿಂದು?"

"ಬೈರೂತಲ್ಲಿ ಸುಟ್ಟುಹೋಗೋಕೆ ನನ್ನದು ಅಂತ ಒಂದು ಕಾಗದವೂ ಇರ್ಲಿಲ್ಲ. ಲಡಾಯಿಗೆ ಮುಂಚೆಯೇ ಫೇಲಾಗಿದ್ದೆ." ಯಾವುದರಲ್ಲಿ ಎಂಬುದನ್ನೂ ಬಿಡಲಿಲ್ಲ. "ಅಂಕಿಅಂಶದ ಪತ್ರಿಕೆಯಲ್ಲಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಝ್ಮಿ ಅತ್ತ ತಿರುಗಲಿಲ್ಲ. "ಏಸಿ ರಿಪೇರಿ ಮಾಡೋ ಮುಅತಸಿಮ್‌ಗೆ ನಮ್ಮ ಸಿರೀನಳನ್ನ ಕೊಟ್ಟಿದೀವಿ. ಕಾಫಿ ಕುಡಿಯಿರಿ, ಪಾಷಾ."

ಪಾಷಾ ಒಂದೇ ಗುಟುಕಿಗೆ ಕುಡಿದು ಮುಖ ಹಿಂಡಿದರು. ಕಾಫಿ ಯಾವಾಗಲೋ ಆರಿತ್ತು. ಹೋಗುವ ಅವಸರದಲ್ಲಿ ಎರಡೂ ಚೀಟಿಗಳನ್ನು ಮತ್ತೆ ಒಂದೇ ಜೇಬಿಗೆ ತುರುಕಿಕೊಂಡರು.

ನಝ್ಮಿ ಹೊರಗೆ ಬಂದು ಮನೆಗೆ ಫೋನು ಮಾಡಿದರು. ಇಂತಿಸಾರ್ ಮೊದಲ ರಿಂಗಿಗೇ ಎತ್ತಿದಳು.

"ರೀ, ಏನಾಯ್ತು? ಇಂಜಿನಿಯರ್ ಅಂದ್ರಾ?"

"ಇಲ್ಲ ಕಣೇ. ಫೇಲು ಅಂತ ಗೊತ್ತಾಯ್ತು."

"ಅವನು ಫೇಲಾಗಿದ್ದು ಹೊಸದೇನ್ರೀ?"

"ಅವನಲ್ಲ, ನಾನು. ಬೈರೂತಲ್ಲಿ."

ಆ ಕಡೆ ಯಾರೋ ಫೋನು ಕಸಿದುಕೊಂಡರು. ಕೇಳಿದ್ದು ಸಿರೀನಳ ದನಿ.

"ಅದೆಲ್ಲ ಆಮೇಲೆ ಹೇಳಪ್ಪಾ. ಪಾಷಾ ಕಾಫಿ ಕುಡಿದ್ರಾ?"

"ಕುಡಿದ್ರು ಮಗಳೇ."