ದಿಬ್ಬದ ಮೇಲಿನ ಪಾಯ

"ಏ ರಂಡಿ, ಆ ಕಲ್ಲು ಏನ್ ನಿನ್ನ ಮಗಳೇನ? ಎದಿಗಿ ಅವಚ್ಕೊಂಡ ನಿಂತೀಯಲ್ಲ! ಒಗಿ ಪಾಯದಾಗ!"

ಗೌಡನ ಬಾರುಕೋಲು ಶೇವಂತೆವ್ವನ ಬೆನ್ನಿಗೆ ಬಿತ್ತು. ಅವಳು ಕಲ್ಲನ್ನು ಪಾಯಕ್ಕೆ ಉರುಳಿಸಿ ಮತ್ತೊಂದಕ್ಕೆ ಹೋದಳು. ಮಗಳು ದುರಗಿ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ.

ಬೆಣ್ಣಿಹಳ್ಳ ಹಾಡಹಗಲೇ ಉಕ್ಕಿ ಬಂದಿತ್ತು. ತಗ್ಗಿನಲ್ಲಿದ್ದ ಕೇರಿಯನ್ನು ಮೊದಲು ನುಂಗಿ ಆಮೇಲೆ ಊರೊಳಗೆ ನುಗ್ಗಿತ್ತು. ಕೇರಿಯ ಜನ ಗೌಡನ ವಾಡೆಯ ಮಾಳಿಗೆ ಹತ್ತಲು ಓಡಿದಾಗ ಆಳುಗಳು ಬಡಿಗೆ ಹಿಡಿದು ಮೆಟ್ಟಿಲಿಗೆ ಅಡ್ಡ ನಿಂತರು. ಮೊಣಕೈಗೆ ಬಿದ್ದ ಏಟಿಗೆ, ಕೂಸನ್ನು ಅವಚಿದ್ದ ಶೇವಂತೆವ್ವನ ಹಿಡಿತ ಸಡಿಲಿತು. ದುರಗಿ ರಾಡಿ ನೀರಿನಲ್ಲಿ ಕೊಚ್ಚಿಹೋಯಿತು. ನೀರಿಳಿದ ಮೇಲೆ ಜಾಲಿಕಂಟಿಯಲ್ಲಿ ಸಿಕ್ಕಿದ್ದ ಕೂಸನ್ನು ಗಂಡ ಮೈಲಾರಪ್ಪ ಆ ತಗ್ಗಿನಲ್ಲೇ ಹೂಳಿದ.

ಆಮೇಲೆ ಸರಕಾರದ ಹುಕುಂ ಬಂತು. ಹಳ್ಳದ ದಂಡೆಯಲ್ಲಿ ಇನ್ನು ಯಾರೂ ಇರಕೂಡದು, ಊರನ್ನೆಲ್ಲ ದಿಬ್ಬಕ್ಕೆ ಏರಿಸಬೇಕು, ಎಲ್ಲರಿಗೂ ಜಾಗ. ಹಾಗೆಂದು ಡಂಗುರ ಸಾರಿದರು. ಅದನ್ನು ನಂಬಿ ಕೇರಿಯವರು ಬಿಟ್ಟಿ ದುಡಿದು ದಿಬ್ಬ ಸಮ ಮಾಡಿದರು, ಕಲ್ಲು ಒಡೆದರು, ಗೌಡನ ಹೊಸ ಮನೆಗೆ ಆಳುದ್ದ ಪಾಯ ತೋಡಿದರು.

ಶೇವಂತೆವ್ವನಿಗೆ ಬಾರುಕೋಲು ಬಿದ್ದ ದಿನವೇ ಮಧ್ಯಾಹ್ನ ಧಾರವಾಡದಿಂದ ಮಾಮಲೇದಾರ ಮೋಟಾರಿನಲ್ಲಿ ಬಂದು ಓಣಿ ಓಣಿಗೂ ಗೂಟ ಹೊಡೆಸಿದ. ಗೂಟಗಳು ಮುಗಿದವು.

ಮೈಲಾರಪ್ಪ ದೂರ ನಿಂತು ಕೇಳಿದ: "ಸಾಹೇಬ್ರ, ನಮ್ಮ ಓಣಿ ಎಲ್ಲಿ ಬರತೈತ್ರಿ?"

"ನಿಮ್ಮ ಜಾಗಾ ನಿಮಗ ಐತೆಲ್ಲೋ, ಅಲ್ಲೇ ತಗ್ಗಿನ್ಯಾಗ," ಎಂದ ಗೌಡ.

"ಅಲ್ಲಿ ಯಾರೂ ಇರಬಾರದಂತ ಹುಕುಂ ಐತೆಲ್ರಿ."

ಮಾಮಲೇದಾರ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ಹುಕುಂ ಊರಿಗದ. ಕೇರಿ ಯಾವಾಗ ಊರಾತು?"

"ಅಲ್ಲಿ ನನ್ನ ಕೂಸನ್ನ ಹುಗದೇನ್ರೀ! ಹೆಣದ ಮ್ಯಾಲ ಒಲಿ ಹೂಡಬೇಕೇನ್ರಿ?"

ಮುಂದೆ ಬಂದು ನೆಲಕ್ಕೆ ಬಾಗಿದವನ ಬಾಯಿಗೇ ಗೌಡ ಒದ್ದ. "ಹೊಲೆಯ ಸೂಳಿಮಗನ, ಸಾಹೇಬ್ರಿಗೆ ತಿರುಗಿ ಮಾತಾಡ್ತೀ?" ಆಳುಗಳು ಬಿದ್ದವನನ್ನು ಬಡಿಗೆಯಿಂದ ಹೊಡೆದರು. ಹಲ್ಲು ಮುರಿದು ಮೈಲಾರಪ್ಪನ ಬಾಯಿಂದ ರಕ್ತ ಇಳಿಯಿತು.

ಶೇವಂತೆವ್ವ ಸಲಿಕೆ ಎತ್ತಿಕೊಂಡು ಇಳಿಜಾರಿನಲ್ಲಿ ತಗ್ಗಿನ ಕಡೆ ನಡೆದಳು.

ಅವಳು ತಿರುಗಿ ಬಂದಾಗ ವಾಸನೆ ಮೊದಲು ಬಂತು. ಸೀರೆಯ ಅರ್ಧ ಹರಿದು ಕಟ್ಟಿದ ಗಂಟನ್ನು ಎದೆಗೆ ಒತ್ತಿಕೊಂಡಿದ್ದಳು. ಆಳುಗಳು ಮೂಗು ಮುಚ್ಚಿ ಹಿಂದೆ ಸರಿದರು. ಮಾಮಲೇದಾರ ಮೋಟಾರು ಹತ್ತಿ ಹೊರಟೇ ಬಿಟ್ಟ. ಅವಳು ಗೌಡನ ಪಾಯದೊಳಗೆ ಇಳಿದು, ಮೂಲೆಯಲ್ಲಿ ಗಂಟನ್ನಿಟ್ಟು, ಕೈಯಿಂದ ಮಣ್ಣು ಎಳೆಯತೊಡಗಿದಳು.

"ಏನ್ ಮಾಡಾಕತ್ತೀಯಲೇ ಬೋಸಡಿ!"

"ಮಗಳನ್ನ ಮಲಗಸಾಕತ್ತೇನಿ. ಇಲ್ಲಿ ನೀರ ಬರಂಗಿಲ್ಲ."

ಗೌಡ ಜಿಗಿದು ಅಂಚಿಗೆ ಬಂದು ಬಾರುಕೋಲು ಬೀಸಿದ. ಮತ್ತೆ ಬೀಸಿದ. ಅವಳ ಕಿವಿ ಹರಿಯಿತು, ರವಿಕೆ ಹರಿಯಿತು. ಅವಳು ಮಣ್ಣಿನ ಮೇಲೆ ಬೋರಲು ಬಿದ್ದಳೇ ಹೊರತು ಜಾಗ ಬಿಡಲಿಲ್ಲ.

"ತಗೀರೋ ಆ ಹೊಲಸ!" ಗೌಡ ಆಳುಗಳಿಗೆ ಚೀರಿದ. ಅವರು ಇನ್ನಷ್ಟು ದೂರ ಸರಿದರು. ಕೇರಿಯ ಹೆಣ ಅವರು ಮುಟ್ಟುವಂತಿರಲಿಲ್ಲ. ಗೌಡ ಕೇರಿಯವರ ಕಡೆ ತಿರುಗಿದ. "ಎತ್ರಲೇ! ಇಲ್ಲಂದ್ರ ಒಬ್ಬೊಬ್ಬರ ಚರ್ಮಾ ಸುಲೀತೇನಿ!"

ಸಾವಕ್ಕ ಎಂಬ ಮುದುಕಿ ತಲೆಯ ಮೇಲಿನ ಬುಟ್ಟಿಯನ್ನು ನೆಲಕ್ಕೆ ಎಸೆದಳು. ಸುತ್ತಿಗೆಗಳು, ಗುದ್ದಲಿಗಳು ಒಂದೊಂದಾಗಿ ಬಿದ್ದವು. ಯಾರೂ ಹೆಜ್ಜೆ ಕದಲಿಸಲಿಲ್ಲ.

ಮೈಲಾರಪ್ಪ ಎದ್ದು, ಹಾರೆ ಊರಿಕೊಂಡು, ರಕ್ತ ಉಗುಳುತ್ತ ಪಾಯದ ಹತ್ತಿರ ಬಂದ.

"ಗೌಡ್ರ, ಕೂಸು ಭಾಳ ಒಜ್ಜಿ ಇಲ್ರಿ. ನೀವ ಇಳದು ಎತ್ರಿ."

ಗೌಡ ಪಾಯದೊಳಗೆ ನೋಡಿದ. ಮೈಲಾರಪ್ಪ ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದ.